ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ಬದಲಾಯಿಸುವ ಕ್ರಮವೂ, ಲೆಕ್ಕಪತ್ರಗಳನ್ನು ನಷ್ಟವಿಲ್ಲದೆ ಸಾಗಿಸುವ ವಿಧಾನವೂ

ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಮನೆಗಳಲ್ಲಿ ಹಿಂದೆ ಮರದ ಪೆಟ್ಟಿಗೆಯೊಳಗೆ ಇರುತ್ತಿದ್ದ ಲೆಕ್ಕದ ಪುಸ್ತಕಗಳು ಈಗ ಬಹುಮಟ್ಟಿಗೆ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿವೆ. ಕೂಲಿಯ ಬಟವಾಡೆ, ಅಡಕೆ ಮಾರಾಟದ ಪಟ್ಟಿ, ಹಾಲಿನ ಸಂಘದ ಜಮಾಖರ್ಚು, ಮಣ್ಣು ಪರೀಕ್ಷೆಯ ವರದಿ, ಪಹಣಿಯ ಪ್ರತಿ, ಜಮೀನಿನ ನಕಾಶೆ ಇವೆಲ್ಲವೂ ಅಲ್ಲಿಯೇ ಇರುವುವು. ಐದಾರು ವರ್ಷ ಬಳಸಿದ ಯಂತ್ರವು ಬೆಳಿಗ್ಗೆ ಗುಂಡಿಯನ್ನು ಒತ್ತಿದರೆ, ಮನೆಯವರು ಕಾಫಿಯನ್ನು ಕುಡಿದು ಮುಗಿಸಿದರೂ ತೆರೆದುಕೊಳ್ಳದಂತಾಗುತ್ತದೆ. ಆಗ ಯಂತ್ರಕ್ಕೇ ಮುಪ್ಪು ಬಂದಿತೆಂದು ಬಗೆದು ಹೊಸದಕ್ಕೆ ಹಣ ತೆರಲು ಮಾಲೀಕರು ಸಿದ್ಧರಾಗುತ್ತಾರೆ. ಕುಳ ಸವೆಯಿತೆಂದು ನೇಗಿಲನ್ನೇ ಬಿಸುಡುವ ರೈತನು ಎಲ್ಲಿಯೂ ಇಲ್ಲ. ಹೀಗೆ ನಿಧಾನವಾದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ಡಿಸ್ಕನ್ನು ಮಾತ್ರ ಬದಲಾಯಿಸುವುದರಿಂದ ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಯಬಲ್ಲವು. ಆದರೆ ಈ ಕಾರ್ಯದಲ್ಲಿ ಒಂದು ತಪ್ಪು ನಡೆದರೆ ವರ್ಷಗಳ ಲೆಕ್ಕವು ಕ್ಷಣಮಾತ್ರದಲ್ಲಿ ಇಲ್ಲವಾಗುವುದು. ಆದಕಾರಣ ಅನುಸರಿಸತಕ್ಕ ಕ್ರಮವನ್ನು ಈ ಕೆಳಗೆ ವಿವರಿಸಿದೆ.

ಡಿಸ್ಕಿನ ಸ್ವರೂಪ.— ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಮೊಟ್ಟಮೊದಲು ಹೊರತಂದ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದು, ಅವುಗಳಲ್ಲಿ ಸುಮಾರು ೫೦ ಲಕ್ಷ ಅಕ್ಷರಗಳು ಮಾತ್ರ ಹಿಡಿಯುತ್ತಿದ್ದುವು. ಇಂದಿನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಅಂಗೈಯಷ್ಟು ಇದ್ದರೂ ತತ್ತ್ವವು ಅದೇ. ಕಾಂತಗುಣವುಳ್ಳ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತಿರುವುದು. ಅದರ ಮೇಲೆ ಒಂದು ಕಡ್ಡಿಯು ಅತ್ತಿತ್ತ ಚಲಿಸುತ್ತ ವಿಷಯವನ್ನು ಓದುವುದು. ಚಲಿಸುವ ಅಂಗಗಳಿರುವುದರಿಂದ ಅದು ನಿಧಾನ. ಜೀಪಿನ ಕುಲುಕಾಟಕ್ಕೆ ಕೆಡುವುದೂ ಉಂಟು. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ. ವಿಷಯವೆಲ್ಲವೂ ಚಿಪ್ಪುಗಳಲ್ಲಿ ಉಳಿಯುತ್ತದೆ. ಹಳೆಯ ಡಿಸ್ಕು ಸೆಕೆಂಡಿಗೆ ಸುಮಾರು ೧೦೦ ಮೆಗಾಬೈಟ್ ಓದಿದರೆ, ಸಾಟಾ ಎಂಬ ಜೋಡಣೆಯ ಎಸ್‌ಎಸ್‌ಡಿಯು ೫೦೦ಕ್ಕೂ ಹೆಚ್ಚು ಮೆಗಾಬೈಟ್ ಓದುವುದು. ಎನ್‌ವಿಎಂಇ ಎಂಬ ಬಗೆಯದು ಅದಕ್ಕಿಂತಲೂ ಹಲವು ಪಟ್ಟು ವೇಗವುಳ್ಳದ್ದು.

ಕೊಳ್ಳುವ ಮೊದಲು ನೋಡತಕ್ಕದ್ದು.— ಯಂತ್ರದ ಮಾದರಿಯ ಹೆಸರು ಅದರ ತಳಭಾಗದಲ್ಲಿ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು, ೨.೫ ಅಂಗುಲದ ಸಾಟಾ ಡಿಸ್ಕು ಹಿಡಿಯುವುದೋ, ಎಂ.೨ ಎಂಬ ಪಟ್ಟಿಯಾಕಾರದ ಡಿಸ್ಕು ಹಿಡಿಯುವುದೋ ಎಂಬುದನ್ನು ತಯಾರಕರ ಕೈಪಿಡಿಯಿಂದ ನಿಶ್ಚಯಿಸತಕ್ಕದ್ದು. ಎಂ.೨ ಆಕಾರದಲ್ಲಿಯೂ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಬಗೆಗಳಿದ್ದು, ಒಂದರ ಸ್ಥಾನದಲ್ಲಿ ಇನ್ನೊಂದು ಕೆಲಸ ಮಾಡದೆ ಹೋಗಬಹುದು. ಕೆಲವು ತೆಳು ಯಂತ್ರಗಳಲ್ಲಿ ಡಿಸ್ಕನ್ನು ಮದರ್‌ಬೋರ್ಡಿಗೆ ಬೆಸೆದಿರುವುದರಿಂದ ಬದಲಾಯಿಸುವುದೇ ಅಸಾಧ್ಯ. ಹೊಸ ಡಿಸ್ಕು ಹಳೆಯದಕ್ಕೆ ಸಮನಾಗಿಯೋ ದೊಡ್ಡದಾಗಿಯೋ ಇರುವುದು ಕ್ಷೇಮ. ಪೆಟ್ಟಿಗೆಯ ಮೇಲೆ ೧ ಟೆರಾಬೈಟ್ ಎಂದಿದ್ದುದು ವಿಂಡೋಸಿನಲ್ಲಿ ಸುಮಾರು ೯೩೧ ಗಿಗಾಬೈಟ್ ಎಂದು ಕಂಡರೆ ಅಂಗಡಿಯವನು ಮೋಸಮಾಡಿದನೆಂದು ಭಾವಿಸಬೇಕಾದುದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸು ೧೦೨೪ರ ಲೆಕ್ಕದಲ್ಲಿಯೂ ಅಳೆಯುವುದೇ ಇದಕ್ಕೆ ಕಾರಣ.

ಮೊದಲನೆಯ ಕಾರ್ಯ: ಮೂರನೆಯ ಪ್ರತಿ.— ಈ ಲೇಖನದ ಸಾರವೆಲ್ಲವೂ ಇದರಲ್ಲಿಯೇ ಇದೆ. ಹಳೆಯ ಡಿಸ್ಕನ್ನು ಮುಟ್ಟುವ ಮೊದಲು, ಅದೂ ಅಲ್ಲದ, ಹೊಸದೂ ಅಲ್ಲದ ಮೂರನೆಯ ಡಿಸ್ಕೊಂದಕ್ಕೆ ಮುಖ್ಯ ಕಾಗದಪತ್ರಗಳ ಪ್ರತಿಯನ್ನು ಮಾಡಿ, ಅದನ್ನು ಯಂತ್ರದಿಂದ ಕಳಚಿ ಬೇರೆ ಇಡತಕ್ಕದ್ದು. ಕೆಲವು ವರ್ಷಗಳ ಹಿಂದೆ ಈ ಲೇಖಕನು ಈ ಎಚ್ಚರಿಕೆಯನ್ನು ಅನಾವಶ್ಯಕವೆಂದು ಬಗೆದು, ತನ್ನ ಯಂತ್ರದ ಡಿಸ್ಕನ್ನು ನೇರವಾಗಿ ಹೊಸದಕ್ಕೆ ನಕಲು ಮಾಡಲು ತೊಡಗಿದನು. ಎರಡು ಡಿಸ್ಕುಗಳೂ ಒಂದೇ ಅಳತೆಯವು. ಯಾವುದರಿಂದ ಯಾವುದಕ್ಕೆ ಎಂದು ಯಂತ್ರವು ಕೇಳಿದಾಗ ಉತ್ತರವು ಅದಲುಬದಲಾಯಿತು. ಬರಿದಾದ ಹೊಸ ಡಿಸ್ಕು ತುಂಬಿದ ಹಳೆಯದರ ಮೇಲೆ ನಕಲಾಯಿತು. ಪ್ರಾತ್ಯಕ್ಷಿಕೆಯ ತಾಕುಗಳಲ್ಲಿ ೩ ವರ್ಷ ತೂಗಿ ಬರೆದಿದ್ದ ರಾಗಿಯ ಇಳುವರಿಯ ಅಂಕಿಗಳು ಹೋದುವು. ೨ ವರ್ಷದವು ಕೈಬರಹದ ಪುಸ್ತಕದಲ್ಲಿ ಉಳಿದಿದ್ದುವು. ಮೂರನೆಯ ವರ್ಷದವು ಮತ್ತೆ ದೊರೆಯಲಿಲ್ಲ. ಆ ವರ್ಷದ ಬೆಳೆಯನ್ನು ಇನ್ನೊಮ್ಮೆ ತೂಗುವುದು ಯಾರಿಂದ ಸಾಧ್ಯ?

ಯಾವುದನ್ನು ಮುಖ್ಯವೆಂದು ಎಣಿಸಬೇಕು? ಪಹಣಿಯನ್ನು ‘ಭೂಮಿ’ಯ ದಾಖಲೆಯಿಂದ ಪುನಃ ಪಡೆಯಬಹುದು, ಬ್ಯಾಂಕಿನ ಲೆಕ್ಕವನ್ನು ಬ್ಯಾಂಕಿನಿಂದ ಪಡೆಯಬಹುದು. ನಾವೇ ಬರೆದ ಲೆಕ್ಕ, ನಾವೇ ತೆಗೆದ ಚಿತ್ರ, ನಾವೇ ಅಳೆಸಿದ ನಕಾಶೆ ಇವನ್ನು ಯಾರೂ ಮರಳಿ ಕೊಡಲಾರರು. ಇದಲ್ಲದೆ ಮೂರು ಸಂಗತಿಗಳನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ:—

(೧) ಟ್ಯಾಲಿಯ ಲೆಕ್ಕಗಳು ಡೆಸ್ಕ್‌ಟಾಪಿನಲ್ಲಾಗಲಿ ಡಾಕ್ಯುಮೆಂಟ್ಸ್ ಎಂಬಲ್ಲಾಗಲಿ ಇರುವುದಿಲ್ಲ. ಅವು ಬೇರೊಂದು ಫೋಲ್ಡರಿನಲ್ಲಿರುತ್ತವೆ. ಆ ಸ್ಥಳವನ್ನು ಟ್ಯಾಲಿಯಲ್ಲಿಯೇ ನೋಡಿ ತಿಳಿದು, ಅಲ್ಲಿಂದಲೇ ಬ್ಯಾಕಪ್ ತೆಗೆಯತಕ್ಕದ್ದು.

(೨) ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಅರ್ಜಿ ಮತ್ತು ನಡವಳಿಗಳು, ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುವುವು. ಕಡತವು ಕೆಟ್ಟಿತೆಂದು ಅಳಿಸಬಾರದು. ಫಾಂಟುಗಳನ್ನೂ ಜೊತೆಯಲ್ಲಿ ಸಾಗಿಸಿದರೆ ಕನ್ನಡವು ಮರಳಿ ಕಾಣುವುದು.

(೩) ಈಚಿನ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವು ಮಾಲೀಕನಿಗೆ ತಿಳಿಯದೆಯೇ ಬಿದ್ದಿರುವುದುಂಟು. ಅದರ ೪೮ ಅಂಕಿಗಳ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದಕ್ಕೆ ಬರೆದುಕೊಳ್ಳತಕ್ಕದ್ದು. ನಕಲು ಮಾಡುವ ಮೊದಲು ಆ ಬೀಗವನ್ನು ತೆಗೆದಿಡುವುದು ಲೇಸು.

ಸಾಗಿಸುವ ಎರಡು ಮಾರ್ಗಗಳು.— ಮೊದಲನೆಯದು, ವಿಂಡೋಸು ಸಹಿತವಾಗಿ ಇಡೀ ಡಿಸ್ಕನ್ನು ಇದ್ದಂತೆಯೇ ನಕಲು ಮಾಡುವುದು. ಇದಕ್ಕೆ ಕ್ಲೋನ್ ಎಂದು ಹೆಸರು. ಎರಡನೆಯದು, ಹೊಸ ಡಿಸ್ಕಿನಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ ಕಾಗದಪತ್ರಗಳನ್ನು ಮಾತ್ರ ತರುವುದು. ಯಂತ್ರವು ಆರೋಗ್ಯವಾಗಿದ್ದರೆ ಮೊದಲನೆಯದು ಸುಲಭ. ವೈರಸ್ಸು ಹಿಡಿದಿದ್ದರೆ ಎರಡನೆಯದೇ ಲೇಸು. ಕಳೆ ತುಂಬಿದ ಗದ್ದೆಯ ಬೀಜವನ್ನು ಹೊಸ ಗದ್ದೆಗೆ ಒಯ್ದರೆ ಕಳೆಯೂ ಜೊತೆಯಲ್ಲಿ ಹೋಗುವುದಷ್ಟೆ. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿರುವುದರಿಂದ, ಹೊಸದಾಗಿ ಸ್ಥಾಪಿಸುವವರು ತಮ್ಮ ಯಂತ್ರಕ್ಕೆ ವಿಂಡೋಸ್ ೧೧ ಹೊಂದುವುದೇ ಎಂದು ಮೊದಲೇ ವಿಚಾರಿಸತಕ್ಕದ್ದು. ಹಳೆಯ ಡಿಸ್ಕು ಕಟಕಟ ಶಬ್ದ ಮಾಡುತ್ತಿದ್ದರೆ ನಕಲಿನ ಶ್ರಮವನ್ನು ಅದರ ಮೇಲೆ ಹೇರದೆ, ಅತಿಮುಖ್ಯ ಕಡತಗಳನ್ನು ಮಾತ್ರ ಮೊದಲು ಹೊರತೆಗೆಯುವುದು ವಿವೇಕ.

ನಕಲು ಮಾಡುವ ಕ್ರಮ.— ಹೊಸ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ಯಂತ್ರಕ್ಕೆ ಜೋಡಿಸಬೇಕು. ಡಿಸ್ಕಿನ ತಯಾರಕರು ಕೊಡುವ ನಕಲು ತಂತ್ರಾಂಶವನ್ನಾಗಲಿ, ಉಚಿತವಾಗಿ ದೊರೆಯುವ ಕ್ಲೋನ್‌ಜಿಲ್ಲಾ ಎಂಬುದನ್ನಾಗಲಿ ಬಳಸಬಹುದು. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಅಳತೆಯಿಂದ ಮಾತ್ರವಲ್ಲದೆ ತಯಾರಕರ ಹೆಸರು ಮತ್ತು ಕ್ರಮಸಂಖ್ಯೆಗಳಿಂದ ಗುರುತಿಸಿ, ಕಾಗದದ ಮೇಲೆ ಬರೆದು, ಇನ್ನೊಬ್ಬರಿಂದ ಓದಿಸಿ, ಆ ಬಳಿಕವೇ ಒಪ್ಪಿಗೆಯನ್ನು ಕೊಡತಕ್ಕದ್ದು. ೩೦೦ ಗಿಗಾಬೈಟ್ ವಿಷಯವು ಸೆಕೆಂಡಿಗೆ ೧೦೦ ಮೆಗಾಬೈಟಿನಂತೆ ಸಾಗಿದರೆ ೫೦ ನಿಮಿಷ ಹಿಡಿಯುವುದು; ಹಳೆಯ ಯುಎಸ್‌ಬಿ ೨ರ ಕಿಂಡಿಯಲ್ಲಿ ಎರಡೂವರೆ ಗಂಟೆಗೂ ಮೀರಬಹುದು. ಆದಕಾರಣ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿ, ಚಾರ್ಜರನ್ನೂ ಸೇರಿಸಿ, ವಿದ್ಯುತ್ತು ಹೋಗದ ಹೊತ್ತನ್ನು ನೋಡಿ ತೊಡಗಬೇಕು.

ಜೋಡಿಸುವ ಕ್ರಮ.— ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಚಾರ್ಜರನ್ನು ಕಿತ್ತು, ಬ್ಯಾಟರಿಯು ಕಳಚುವಂತಿದ್ದರೆ ಅದನ್ನು ತೆಗೆದು, ಒಳಗಿನ ಬ್ಯಾಟರಿಯಾದರೆ ಅದರ ತಂತಿಯನ್ನು ಬಿಡಿಸಿ, ಲೋಹದ ವಸ್ತುವೊಂದನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಹೋಗಲಾಡಿಸಿಕೊಳ್ಳಬೇಕು. ತಿರುಪುಗಳನ್ನು ತೆಗೆದ ಕ್ರಮದಲ್ಲಿಯೇ ಬಟ್ಟಲುಗಳಲ್ಲಿ ಬೇರೆ ಬೇರೆ ಇಟ್ಟರೆ ಮರಳಿ ಹಾಕುವಾಗ ತೊಂದರೆಯಿರದು. ಸಾಟಾ ಡಿಸ್ಕನ್ನು ಸಮನಾಗಿ ಸರಿಸಿ ತೆಗೆಯಬೇಕು. ಎಂ.೨ ಪಟ್ಟಿಯನ್ನು ಓರೆಯಾಗಿ ಸೇರಿಸಿ, ಬಳಿಕ ಒತ್ತಿ ತಿರುಪು ಹಾಕಬೇಕು. ಯಾವುದನ್ನೂ ಬಲಾತ್ಕಾರದಿಂದ ನೂಕಕೂಡದು. ಕೈ ನಡುಗುವವರು ತಿಳಿದವರಿಂದ ಈ ಭಾಗವನ್ನು ಮಾತ್ರ ಮಾಡಿಸುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಮೂರನೆಯ ಪ್ರತಿಯನ್ನು ಮಾಡದೆ ಯಂತ್ರವನ್ನು ಅನ್ಯರ ಕೈಗೆ ಒಪ್ಪಿಸಕೂಡದು.

ಪರೀಕ್ಷೆ.— ಯಂತ್ರವು ತೆರೆದ ಮಾತ್ರಕ್ಕೆ ಕಾರ್ಯವು ಸಫಲವಾಯಿತೆಂದು ತಿಳಿಯಲಾಗದು. ಮುಖ್ಯ ಫೋಲ್ಡರುಗಳಲ್ಲಿದ್ದ ಕಡತಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡು ಹೋಲಿಸಬೇಕು. ಹಳೆಯ, ಹೊಸ ವರ್ಷಗಳ ಹತ್ತಾರು ಕಡತಗಳನ್ನು ತೆರೆದು ನೋಡಬೇಕು. ಟ್ಯಾಲಿಯ ಆಖೈರು ಶಿಲ್ಕು ಹಿಂದಿನ ದಿನದ್ದಕ್ಕೆ ಸರಿಹೊಂದಬೇಕು. ಹೊಸ ಡಿಸ್ಕು ದೊಡ್ಡದಾಗಿದ್ದು ಹಳೆಯದರಷ್ಟೇ ಸ್ಥಳವನ್ನು ತೋರಿಸಿದರೆ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಉಳಿದ ಭಾಗವನ್ನು ಸೇರಿಸಿಕೊಳ್ಳಬಹುದು.

ಹಳೆಯ ಡಿಸ್ಕಿನ ಗತಿ.— ನಾಟಿಯಾದ ಸಸಿಯು ಬೇರೂರುವವರೆಗೆ ಒಟ್ಲುಪಾತಿಯನ್ನು ಉಳುವವರು ಯಾರು? ಸತ್ತ ಕಡೆಯಲ್ಲಿ ಮತ್ತೆ ನೆಡಲು ಒಂದಿಷ್ಟು ಸಸಿಯನ್ನು ಉಳಿಸಿಕೊಳ್ಳುವುದು ನಮ್ಮ ಪದ್ಧತಿ. ಅದರಂತೆ ಹಳೆಯ ಡಿಸ್ಕನ್ನು ಒಂದು ತಿಂಗಳವರೆಗಾದರೂ ಏನೂ ಅಳಿಸದೆ, ತೇವವಿಲ್ಲದ ಸ್ಥಳದಲ್ಲಿ ಇಡತಕ್ಕದ್ದು. ಆಮೇಲೆ ಅದು ಆರೋಗ್ಯವಾಗಿದ್ದರೆ, ಯುಎಸ್‌ಬಿ ಕವಚದೊಳಗಿಟ್ಟು ವಾರಕ್ಕೊಮ್ಮೆ ಪ್ರತಿ ಮಾಡಲು ಬಳಸಬಹುದು. ಎಸ್‌ಎಸ್‌ಡಿಯನ್ನಾದರೋ ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಪೆಟ್ಟಿಗೆಯಲ್ಲಿಟ್ಟರೆ ವಿಷಯವು ಕ್ಷೀಣಿಸುವ ಸಂಭವವಿರುವುದರಿಂದ, ಅದನ್ನು ಶೇಖರಣೆಯ ಕಣಜವೆಂದು ನಂಬಕೂಡದು. ಹಳೆಯದನ್ನು ಮಾರುವವರು ಬರಿಯ ಫಾರ್ಮ್ಯಾಟು ಮಾಡಿದರೆ ಸಾಲದು. ಅಳಿಸಿದ ಕಡತಗಳನ್ನು ಮತ್ತೆ ಎತ್ತಬಹುದು. ಗ್ರಾಮಸ್ಥರ ಆಧಾರ್ ಪ್ರತಿಗಳನ್ನೂ ಬ್ಯಾಂಕಿನ ಸಂಖ್ಯೆಗಳನ್ನೂ ನಂಬಿ ಒಪ್ಪಿಸಿರುವ ಮುಖಂಡರು ಡಿಸ್ಕನ್ನು ಪೂರ್ಣವಾಗಿ ಮೇಲುಬರೆದು ಅಳಿಸದೆ ಪರರಿಗೆ ಕೊಡಕೂಡದು. ಕೆಟ್ಟುಹೋದುದನ್ನು ತಿಪ್ಪೆಗೆ ಎಸೆಯದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಕೊಡತಕ್ಕದ್ದು.

ಮೇಲ್ಕಂಡ ಕಾರ್ಯಕ್ಕೆ ಒಂದು ದಿನದ ಬಿಡುವು ಸಾಕು. ಸುಗ್ಗಿಯ ಲೆಕ್ಕ ಮುಗಿದು ಮುಂಗಾರಿನ ಕೆಲಸಗಳು ತೊಡಗುವ ಮುನ್ನ ಈ ದಿನವನ್ನು ಆರಿಸಿಕೊಳ್ಳುವುದು ಅನುಕೂಲ. ಡಿಸ್ಕನ್ನು ಬದಲಾಯಿಸದವರೂ ಮೂರನೆಯ ಪ್ರತಿಯನ್ನಾದರೂ ಈ ವಾರವೇ ಮಾಡಿಡಬೇಕೆಂದು ಮಹಾಶಯರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಡಿಸ್ಕು ಕೆಡುವುದಕ್ಕೆ ಮುಹೂರ್ತವನ್ನು ನೋಡುವುದಿಲ್ಲ.