ಎದೆ ಹಿಡಿದಾಗ ಹೆದರಿದ್ದೆ!

ಕಳೆದ ದೀಪಾವಳಿಯ ಮಾತು. ಹದಿನೈದು ದಿನ ಕಾಡಿದ ಕೆಮ್ಮು ಆಗಷ್ಟೇ ಇಳಿದಿತ್ತು. ನೀರು ತುಂಬುವ ಹಬ್ಬದ ಸಂಜೆ ತುಂಬಿದ ಕೊಡ ಎತ್ತಿ ಹಂಡೆಗೆ ಸುರಿಯುತ್ತಿದ್ದೆ. ಎಡಗಡೆ ಎದೆಯಲ್ಲಿ ಚಳಕ್ ಎಂದಿತು. ಉಸಿರೆಳೆದರೆ ಸೂಜಿ ಚುಚ್ಚಿದ ಹಾಗೆ!

“ವಾಯು ಕಣಮ್ಮ, ಸ್ವಲ್ಪ ಓಮ ಅಗಿ” ಎಂದರು ಅತ್ತೆ. ಓಮ ಅಗಿದೆ, ಇಂಗಿನ ಮಜ್ಜಿಗೆ ಕುಡಿದೆ. ಹಬ್ಬದ ಮನೆಯಲ್ಲಿ ಗಲಾಟೆ ಯಾಕೆಂದು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ರಾತ್ರಿ ಮಾತ್ರ ನಿದ್ದೆಯಿಲ್ಲ. ಹೃದಯದ ಕಾಯಿಲೆಯೇ ಆಗಿದ್ದರೆ ಮಕ್ಕಳ ಗತಿ ಏನು? ಸೋದರಿಯರೇ, ಹಾಗೆ ಮುಚ್ಚಿಟ್ಟದ್ದು ನನ್ನ ದೊಡ್ಡ ತಪ್ಪು.

ಮೂರನೆಯ ದಿನ ಸೀನಿದಾಗ ಪ್ರಾಣವೇ ಹೋದಂತಾಯಿತು. ಯಜಮಾನರು ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ, ರಕ್ತಪರೀಕ್ಷೆ ಆಯಿತು. ಹೃದಯಕ್ಕೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಡಾಕ್ಟರಮ್ಮ ಎದೆಮೂಳೆಯ ಪಕ್ಕ ಬೆರಳಿನಿಂದ ಒತ್ತಿದರು. “ಅಮ್ಮಾ” ಎಂದು ಕೂಗಿಬಿಟ್ಟೆ. “ಇದೇ ನೋಡಿ ನೋವಿನ ಜಾಗ” ಎಂದರು.

ನಮ್ಮ ಪಕ್ಕೆಲುಬುಗಳನ್ನು ಎದೆಮೂಳೆಗೆ ಸೇರಿಸುವುದು ಒಂದು ಮೆದು ಎಲುಬು. ಕಿವಿಯಲ್ಲಿ ಬಾಗುತ್ತದಲ್ಲ, ಅಂಥದ್ದು. ಆ ಕೂಡುವ ಜಾಗದಲ್ಲಿ ಉರಿಯೂತವಾದರೆ ‘ಕಾಸ್ಟೋಕಾಂಡ್ರೈಟಿಸ್’ ಅನ್ನುತ್ತಾರೆ. ಬಹಳ ದಿನದ ಕೆಮ್ಮು, ಭಾರ ಎತ್ತುವುದು ಇದಕ್ಕೆ ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು.

ನನಗೆ ಅನುಕೂಲವಾದದ್ದು ಇಷ್ಟು:

● ಬಟ್ಟೆ ಸುತ್ತಿದ ಬಿಸಿನೀರಿನ ಚೀಲದಿಂದ ದಿನಕ್ಕೆ ಮೂರು ಸಲ, ಹದಿನೈದು ನಿಮಿಷ ಶಾಖ.

● ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ, ಊಟವಾದ ಮೇಲೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರು ಮೊದಲೇ ಹೇಳಬೇಕು.

● ಕೊಡ ಎತ್ತುವುದು, ಬೆಡ್‌ಶೀಟ್ ಹಿಂಡುವುದು, ರಾಶಿ ಚಪಾತಿ ಲಟ್ಟಿಸುವುದಕ್ಕೆ ರಜೆ.

● ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವುಚಿಕೊಳ್ಳುವುದು.

● ನೋವು ತಗ್ಗಿದ ಮೇಲೆ ಬಾಗಿಲ ಚೌಕಟ್ಟಿನ ಎರಡೂ ಕಡೆ ಕೈಯೂರಿ ಮೆಲ್ಲಗೆ ಮುಂದೆ ಬಾಗುವುದು, ನಿಧಾನವಾಗಿ ದೀರ್ಘ ಉಸಿರಾಡುವುದು.

ವಾಸಿಯಾಗಲು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ನಾಲ್ಕು ದಿನ ಹಗುರಾಯಿತೆಂದು ನಾನು ಅಟ್ಟದಿಂದ ಅಕ್ಕಿಡಬ್ಬ ಇಳಿಸಿ ಮತ್ತೆ ಮಲಗಿದ್ದೆ! ಪೂರ್ತಿ ಹೋಗಲು ಮೂರು ತಿಂಗಳಾಯಿತು. ನೋವಿಗಿಂತ ಕಷ್ಟವೆಂದರೆ ಸುಮ್ಮನೆ ಕೂತು ಇನ್ನೊಬ್ಬರಿಗೆ ಕೆಲಸ ಹೇಳುವುದು. ಮೊದಮೊದಲು ಸಂಕೋಚ. ಆದರೆ ಕೇಳಿದ ಮೇಲೆ ಯಾರೂ ಇಲ್ಲ ಅನ್ನಲಿಲ್ಲ. ಈಗ ನೀರು ತುಂಬುವುದು ಮಗನ ಪಾಲು, ಬಟ್ಟೆ ಹಿಂಡುವುದು ಯಜಮಾನರ ಪಾಲು. ಅತ್ತೆಯೇ ಕೂತು ಸೊಪ್ಪು ಬಿಡಿಸಿಕೊಡುತ್ತಾರೆ.

ಒಂದು ಮಾತು ಮರೆಯಬೇಡಿ. ಒತ್ತಿದರೆ ನೋಯುತ್ತದೆ, ಹಾಗಾಗಿ ಹೃದಯದ್ದಲ್ಲ ಎಂದು ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಎದೆ ಬಿಗಿತ, ತಣ್ಣನೆ ಬೆವರು, ಏದುಸಿರು, ವಾಕರಿಕೆ, ತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಓಮದ ಡಬ್ಬಿ ಆಮೇಲೆ ತೆಗೆದರಾಯಿತು. ಮನೆಯವರ ನೆಗಡಿಗೂ ಕಷಾಯ ಕಾಯಿಸುವ ನಾವು, ನಮ್ಮ ಎದೆನೋವನ್ನು ಬಾಯಿಬಿಟ್ಟು ಹೇಳಬೇಡವೇ?