ಹುತ್ತರಿಯೋ, ಪುತ್ತರಿಯೋ?

ಪತ್ರಿಕೆಯ ಪದಬಂಧದಲ್ಲಿ ‘ಕೊಡಗಿನ ಸುಗ್ಗಿ ಹಬ್ಬ’ ಎಂಬ ಸುಳಿವು, ಪಕ್ಕದಲ್ಲಿ 3 ಎಂಬ ಅಂಕಿ ಇದೆ ಎನ್ನೋಣ. ಮೈಸೂರಿನವರು ಹು-ತ್ತ-ರಿ ಎಂದು ತುಂಬಿಸಿ ಮುಂದೆ ಹೋಗುತ್ತಾರೆ. ಪೊನ್ನಂಪೇಟೆಯಲ್ಲೋ ನಾಪೋಕ್ಲಿನಲ್ಲೋ ಅದೇ ಪತ್ರಿಕೆ ಹಿಡಿದು ಕೂತವರ ಪೆನ್ನು ಮಾತ್ರ ಒಂದು ಗಳಿಗೆ ತಡೆಯುತ್ತದೆ, ಏಕೆಂದರೆ ಅವರ ಮನೆಯಲ್ಲಿ ಅದು ಪುತ್ತರಿ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು. ಕನ್ನಡ ಪದದ ಮೊದಲಿನ ಪಕಾರವನ್ನು ಹಕಾರ ಮಾಡಿಕೊಂಡಿತು, ಕೊಡವರ ನುಡಿಯಾದ ಕೊಡವ ತಕ್ಕ್ ಬಿಟ್ಟುಕೊಡಲಿಲ್ಲ. ಹಾಗಾಗಿ ಸುಳಿವಿಗೂ ಎರಡು ಉತ್ತರ ಹೊಂದುತ್ತವೆ, ಮನೆಗಳ ಲೆಕ್ಕಕ್ಕೂ ಎರಡು ಹೊಂದುತ್ತವೆ. ತೀರ್ಪು ಕೊಡುವುದು ಮೊದಲ ಮನೆಯಿಂದ ಕೆಳಗಿಳಿಯುವ ಇನ್ನೊಂದು ಪದ. ಅದರ ಸುಳಿವು ‘ಕುದುರೆಗೆ ಬೇಯಿಸಿ ಹಾಕುವ ಕಾಳು’ ಎಂದಿದ್ದರೆ ಉತ್ತರ ಹುರುಳಿ. ಹು ಬಂತು, ಹುತ್ತರಿ ಗೆದ್ದಿತು. ಯಾರನ್ನೂ ಕೇಳಬೇಕಾಗಿಲ್ಲ, ನಾಳೆಯ ಪತ್ರಿಕೆಗೆ ಕಾಯಬೇಕಾಗಿಲ್ಲ. ನೂರು ವರ್ಷ ದಾಟಿದರೂ ಪದಬಂಧ ಹಳಸದಿರುವುದಕ್ಕೆ ಕಾರಣ ಎರಡು ಪದ ಸಂಧಿಸುವ ಈ ಒಂದು ಮನೆ ಎಂಬುದು ನನ್ನ ವಾದ.

ಮಾತಿನ ಆಟ ನಮಗೆ ಹೊಸದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದಾಗ ಕೊಡವರ ಹಾಡು, ಗಾದೆಗಳ ಜೊತೆ ಒಗಟುಗಳೂ ಪುಸ್ತಕಕ್ಕೆ ಬಂದವು. ಆದರೆ ಒಗಟಿನ ಉತ್ತರ ಇರುವುದು ಕೇಳುವವರ ಬಾಯಲ್ಲಿ. ಅದಕ್ಕಿಂತ ಸೊಗಸಾದ ಉತ್ತರ ನೀವು ಹೇಳಿದರೂ ಒಗಟು ಹಾಕಿದ ಅಜ್ಜಿ ‘ಅಲ್ಲ’ ಎಂದರೆ ಅಲ್ಲ. ಅದೇ 1924ರಲ್ಲಿ ನ್ಯೂಯಾರ್ಕಿನ ಸೈಮನ್ ಮತ್ತು ಶುಸ್ಟರ್ ಎಂಬ ಹೊಸ ಪ್ರಕಾಶಕರು ಪೆನ್ಸಿಲ್ ಜೊತೆಗಿಟ್ಟು ಮೊದಲ ಪದಬಂಧ ಪುಸ್ತಕ ಮಾರಿದರು. ಆಟ ಹುಟ್ಟಿ ಆಗಲೇ ಹತ್ತು ವರ್ಷ ದಾಟಿತ್ತು: 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ವಜ್ರದಾಕಾರದ ಚೌಕಳಿಯೊಂದನ್ನು ಹಾಕಿದ್ದ. ‘ನ್ಯೂಯಾರ್ಕ್ ಟೈಮ್ಸ್’ ಇದನ್ನು ಕಾಲಹರಣವೆಂದು ಬೈದು, 1942ರಲ್ಲಿ ತೆಪ್ಪಗೆ ತಾನೂ ಶುರುಮಾಡಿತು. ವಿನ್ ಮಾಡಿದ್ದು ಸಣ್ಣ ಬದಲಾವಣೆ: ಅಜ್ಜಿಯ ಅಧಿಕಾರವನ್ನು ಕಿತ್ತು ಚೌಕಕ್ಕೆ ಕೊಟ್ಟ. ಇಲ್ಲಿ ಒಂದು ಉತ್ತರಕ್ಕೆ ಇನ್ನೊಂದು ಉತ್ತರವೇ ಸಾಕ್ಷಿ.

ಸಂಧಿಸುವ ಮನೆ ಸೋತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. 1950ರ ದಶಕದಲ್ಲಿ ದೇಶದ ತುಂಬ ಬಹುಮಾನದ ಪದಬಂಧಗಳ ಹುಚ್ಚು ಹಬ್ಬಿತ್ತು. ಆರ್‌.ಎಂ.ಡಿ.ಸಿ. ಪದಬಂಧ ಎಂಬುದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಮೂಲಕ ನಡೆಯುತ್ತಿತ್ತು, ಪ್ರವೇಶಕ್ಕೆ ಶುಲ್ಕವಿತ್ತು. ಈ ಜಾತಿಯ ಸ್ಪರ್ಧೆಗಳಲ್ಲಿ ಒಂದು ಸುಳಿವಿಗೆ ಎರಡು ಪದ ಸಮನಾಗಿ ಒಪ್ಪುತ್ತಿದ್ದವು. ಸರಿ ಯಾವುದೆಂಬುದು ನಡೆಸುವವರು ಮೊದಲೇ ಮುಚ್ಚಿಟ್ಟ ಉತ್ತರಪಟ್ಟಿಗೆ ಬಿಟ್ಟ ವಿಷಯ. ಎಂದರೆ ಹುತ್ತರಿಯೋ ಪುತ್ತರಿಯೋ ಎಂದು ನಾಣ್ಯ ಚಿಮ್ಮಿದ ಹಾಗೆ. 1955ರ ಕೇಂದ್ರ ಕಾಯ್ದೆ ತಿಂಗಳಿಗೆ 1,000 ರೂಪಾಯಿ ಮೀರಿದ ಬಹುಮಾನವನ್ನು ನಿಷೇಧಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1957ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಅದೃಷ್ಟದ್ದಾದರೆ ಜೂಜು, ಅದಕ್ಕೆ ವ್ಯಾಪಾರದ ಹಕ್ಕಿನ ರಕ್ಷಣೆಯಿಲ್ಲ, ಕೌಶಲದ್ದಾದರೆ ಆ ಕಾಯ್ದೆ ಅದನ್ನು ಮುಟ್ಟದು. ನ್ಯಾಯಾಧೀಶರು ಬಳಸಿದ್ದು ಕಾನೂನಿನ ಭಾಷೆ. ಪದಬಂಧದ ಭಾಷೆಯಲ್ಲಿ ಹೇಳುವುದಾದರೆ, ಅನುಮಾನ ಬಗೆಹರಿಸುವ ಮನೆ ಇದ್ದರೆ ಆಟ, ಇಲ್ಲದಿದ್ದರೆ ಮಟ್ಕಾ.

ಇಂಗ್ಲಿಷಿನ ಆಟವನ್ನು ಕನ್ನಡಕ್ಕೆ ತುರುಕಲಾಗಿದೆ, ನಮ್ಮ ಚೌಕಳಿಯಲ್ಲಿ ಕಪ್ಪು ಮನೆಗಳೇ ಜಾಸ್ತಿ, ಪದಗಳು ಸಂಧಿಸುವುದೇ ಕಡಿಮೆ ಎಂಬ ಆಕ್ಷೇಪವಿದೆ. ಕಡಿಮೆ ಎನ್ನುವುದು ನಿಜ. ಆದರೆ ಸೊಗಸಿರುವುದೂ ಅಲ್ಲೇ. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದು. ಕನ್ನಡದಲ್ಲಿ ಮನೆಯೊಂದರಲ್ಲಿ ಕೂರುವುದು ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಇಡೀ ಅಕ್ಷರ. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೇ 442 ಆಯಿತು, ಒತ್ತಕ್ಷರಗಳ ಲೆಕ್ಕ ಇನ್ನೂ ಹಿಡಿದಿಲ್ಲ. ಹುರುಳಿಯ ಹು ಹೂವಿನ ಹೂಗೆ ಆಗದು, ಹಣ್ಣಿನ ಹಕ್ಕೂ ಆಗದು. ಹೆಣೆಯುವವರಿಗೆ ಇದು ಕಷ್ಟ, ಆದ್ದರಿಂದಲೇ ಕಪ್ಪು ಮನೆ ಹೆಚ್ಚು. ಬಿಡಿಸುವವರಿಗೆ ಲಾಭ: ಒಂದು ಮನೆ ತುಂಬಿತೆಂದರೆ ಇಂಗ್ಲಿಷಿನ ಎರಡು ಮೂರು ಅಕ್ಷರ ಒಟ್ಟಿಗೆ ಸಿಕ್ಕ ಹಾಗೆ. ಹುತ್ತರಿಯ ನಡುಮನೆಯನ್ನೇ ನೋಡಿ. ತ್ತ ಎಂದು ಶುರುವಾಗುವ ಕನ್ನಡ ಪದವಿಲ್ಲ. ಹಾಗಾಗಿ ಆ ಮನೆಯ ಮೂಲಕ ಮೇಲಿನಿಂದ ಪದವೊಂದು ಇಳಿಯಬೇಕಾದರೆ ಅದರ ನೆತ್ತಿಯ ಮೇಲೆ ಬಿಳಿ ಮನೆ ಇರಲೇಬೇಕು. ಕತ್ತಲೆ ಆದೀತು, ಸುತ್ತಲು ಆದೀತು. ಪಳಗಿದವರು ಸುಳಿವು ಓದುವ ಮೊದಲೇ ಕಪ್ಪು ಮನೆಗಳ ಜಾಗ ನೋಡಿ ಎಲ್ಲಿ ತ್ತದಂಥ ಒತ್ತಕ್ಷರ ಬರಲಾರದೆಂದು ಊಹಿಸಬಲ್ಲರು. ಇಂಥ ಚೌಕಗಳನ್ನು ಸಾವಿರಗಟ್ಟಲೆ ಹೆಣೆದು ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರ ಕೆಲಸದ ತೂಕ ಆಗ ತಿಳಿಯುತ್ತದೆ.

ಪದಗಳು ಹೀಗೆ ಸಂಧಿಸುವುದರ ಹಿಂದೆ ಗಣಿತವೂ ಇದೆ. ಇಂದಿನ ಫೋನು, ಇಂಟರ್‌ನೆಟ್ಟಿಗೆಲ್ಲ ಬುನಾದಿಯಾದ 1948ರ ಪ್ರಬಂಧದಲ್ಲಿ ಕ್ಲಾಡ್ ಶಾನನ್ ನಡುವೆ ಪದಬಂಧದ ಮಾತೆತ್ತುತ್ತಾನೆ. ಭಾಷೆಯಲ್ಲಿ ಅಗತ್ಯಕ್ಕಿಂತ ಮಿಗಿಲಾದ ಭಾಗ ಎಷ್ಟು, ಎಂದರೆ ಬಿಟ್ಟುಹೋದರೂ ಊಹಿಸಬಹುದಾದದ್ದು ಎಷ್ಟು ಎಂಬುದು ಅವನ ಪ್ರಶ್ನೆ. ಅದು ಸೊನ್ನೆಯಾದರೆ ಯಾವ ಅಕ್ಷರಗಳನ್ನು ಎರಚಿದರೂ ಪದವಾಗುತ್ತದೆ, ಎಲ್ಲ ಚೌಕವೂ ಪದಬಂಧವೇ. ತೀರಾ ಹೆಚ್ಚಾದರೆ ಪದಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಶೇಕಡ 50ರ ಆಸುಪಾಸಿದ್ದರೆ ದೊಡ್ಡ ಪದಬಂಧ ಹೇಗೋ ಸಾಧ್ಯ, 33ಕ್ಕೆ ಇಳಿದರೆ ಉದ್ದ, ಅಗಲ, ಎತ್ತರ ಮೂರೂ ಇರುವ ಪದಬಂಧವೂ ಸಾಧ್ಯ ಎಂದು ಅವನ ಲೆಕ್ಕ. ಪದಬಂಧ ಬಿಡಿಸುವುದೆಂದರೆ ಭಾಷೆಯ ಈ ಮಿಗಿಲು ಭಾಗವನ್ನು ದುಡಿಸಿಕೊಳ್ಳುವುದು. ಮಳೆಯಲ್ಲಿ ನೆನೆದು ಅರ್ಧ ಅಳಿಸಿದ ವಿಳಾಸವನ್ನು ಅಂಚೆಯವರು ಓದುವುದೂ ಹೀಗೆಯೇ.

ಪದಬಂಧ ಉಳಿದಿರುವುದು ಸಂಧಿಸುವ ಮನೆಯಿಂದಲ್ಲ, ಆರೋಗ್ಯದ ಆಸೆಯಿಂದ ಎಂದೂ ಯಾರಾದರೂ ವಾದಿಸಬಹುದು: ಮರೆವಿನ ಕಾಯಿಲೆ ಬಾರದಿರಲೆಂದು ದಿನಾ ಪದಬಂಧ ಬಿಡಿಸುವವರಿದ್ದಾರೆ. ಚೌಕ ತುಂಬಿಸುವುದನ್ನು ತಾಯಿತ ಕಟ್ಟಿಸಿಕೊಳ್ಳುವ ಮಟ್ಟಕ್ಕೆ ಇಳಿಸಿದ್ದೇವಲ್ಲ! ಕೊಲಂಬಿಯಾ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳವರು 2022ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಸೌಮ್ಯ ಮರೆವು ಶುರುವಾಗಿದ್ದ 107 ಜನರನ್ನು 78 ವಾರ ಗಮನಿಸಿದಾಗ, ಕಂಪ್ಯೂಟರ್ ಆಟಗಳಿಗಿಂತ ಪದಬಂಧ ಆಡಿದವರ ಸ್ಥಿತಿ ಮೇಲಿತ್ತು. ಫಲಿತಾಂಶ ನಿಜ, ಆದರೆ ಎರಡೂ ಆಡದೆ ಸುಮ್ಮನಿದ್ದವರ ಗುಂಪು ಅದರಲ್ಲಿ ಇರಲೇ ಇಲ್ಲ. 1999ರಲ್ಲಿ ಮನೋವಿಜ್ಞಾನಿ ಟಿಮೊಥಿ ಸಾಲ್ಟ್‌ಹೌಸ್ ಮತ್ತು ಸಂಗಡಿಗರು ಪದಬಂಧದ ರೂಢಿ ವಯಸ್ಸಿನ ಕುಸಿತವನ್ನು ನಿಧಾನಿಸುತ್ತದೆಯೇ ಎಂದು ಹುಡುಕಿದಾಗ ಪುರಾವೆ ಸಿಗಲಿಲ್ಲ. ಬಿಡಿಸುವವರಿಗೆ ಹೆಚ್ಚು ಪದ ಗೊತ್ತಿರುತ್ತದೆ, ಹೌದು. ಹೆಚ್ಚು ಪದ ಗೊತ್ತಿದ್ದವರೇ ಬಿಡಿಸಲು ಕೂರುತ್ತಾರೆ ಎಂದೂ ಓದಬಹುದು.

ಮನೆಯಲ್ಲಿ ಒಂದು ನುಡಿ, ಪತ್ರಿಕೆಯಲ್ಲಿ ಇನ್ನೊಂದು ನುಡಿ ಇರುವ ಕೊಡಗಿನಂಥ ಕಡೆ ಈ ಆಟ ಪೇಟೆಯ ಕನ್ನಡವನ್ನು ಹೇರುತ್ತದಲ್ಲವೇ ಎಂಬ ತಕರಾರು ಇದಕ್ಕಿಂತ ಗಟ್ಟಿ. ಕೊಡವ, ಅರೆಭಾಷೆ, ತುಳು, ಯರವ ಮಾತಾಡುವವರೆಲ್ಲ ಮೈಸೂರಿನ ಪದವನ್ನೇ ಬರೆಯಬೇಕಲ್ಲ ಎಂಬುದು ಹೆಣೆಯುವವರ ಮೇಲೆ ಹೊರಿಸಬಹುದಾದ ಆರೋಪ. ಚೌಕಕ್ಕೆ ಆ ಪಕ್ಷಪಾತವಿಲ್ಲ. ಕೆಳಗಿಳಿಯುವ ಪದದ ಸುಳಿವನ್ನಷ್ಟೇ ಬದಲಿಸಿ ನೋಡಿ. ಹುರುಳಿಯ ಜಾಗದಲ್ಲಿ ‘ಕಾಫಿ ತೋಟದ ಬೆಕ್ಕಿನ ಹೆಸರಿಗೆ ಅಂಟಿದ ಪರಿಮಳ’ ಬರಲಿ. ಉತ್ತರ ಪುನುಗು. ಆಗ ಪೊನ್ನಂಪೇಟೆಯವರ ಪೆನ್ನು ನಿಲ್ಲದೆ ಓಡುತ್ತದೆ, ಹು ಎಂದು ಬರೆದು ಕೂತ ಮೈಸೂರಿನವರು ರಬ್ಬರ್ ಹುಡುಕುತ್ತಾರೆ.