ಬಾಯಿ, ಕುತ್ತಿಗೆ ಆಪರೇಷನ್ ನಂತರದ ನೋವಿಗೆ ರಕ್ತನಾಳದ ಮೂಲಕ ಲಿಗ್ನೋಕೇನ್



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ನಾಲಿಗೆ, ದವಡೆ, ಗಂಟಲು, ಥೈರಾಯ್ಡ್ ಗಂಟಿನ ಆಪರೇಷನ್‌ಗೆ ಬರುವವರು ಮೊದಲು ಕೇಳುವುದು, "ಆಮೇಲೆ ನೋವು ಹೇಗೆ ತಡೆಯುವುದು?" ಎಂದು. ನೋವು ತಗ್ಗಿಸುವ ಹಲವು ವಿಧಾನಗಳಲ್ಲಿ ಒಂದನ್ನು ಇಲ್ಲಿ ತಿಳಿಸಲಾಗಿದೆ.

ಲಿಗ್ನೋಕೇನ್ ಎಂದರೇನು?

ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಕೊಡುವ ಜೋಮಿನ ಇಂಜೆಕ್ಷನ್ ಇದೇ. 1943ರಲ್ಲಿ ಸ್ವೀಡನ್ ದೇಶದಲ್ಲಿ ತಯಾರಾಯಿತು. ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಇದನ್ನೇ ಸಣ್ಣ ಅಳತೆಯಲ್ಲಿ ರಕ್ತನಾಳಕ್ಕೆ ಕೊಟ್ಟರೆ ಮೈ ಜೋಮು ಹಿಡಿಯುವುದಿಲ್ಲ. ಕೆರಳಿದ ನರಗಳು ಶಾಂತವಾಗಿ ನೋವು ತಗ್ಗಬಹುದು.

ಏಕೆ ಕೊಡುತ್ತಾರೆ?

ಮಾರ್ಫಿನ್ ಜಾತಿಯ ಔಷಧದಿಂದ ವಾಂತಿ, ಮಂಪರು, ಮಲಬದ್ಧತೆ ಆಗಬಹುದು, ಉಸಿರು ನಿಧಾನವಾಗಬಹುದು. ಬಾಯಿ, ಗಂಟಲಿನಲ್ಲಿ ಹೊಲಿಗೆ ಇರುವವರಿಗೆ ಇದು ಹೆಚ್ಚು ತೊಂದರೆ. ಲಿಗ್ನೋಕೇನ್ ಕೊಟ್ಟರೆ ಕೆಲವರಿಗೆ ಮಾರ್ಫಿನ್ ಕಡಿಮೆ ಸಾಕಾಗುತ್ತದೆ. ಆದರೆ ಎಲ್ಲರಿಗೂ ಒಂದೇ ರೀತಿ ಗುಣ ಕಾಣುವುದಿಲ್ಲ. 2018ರಲ್ಲಿ ಬೇರೆ ಬೇರೆ ಆಪರೇಷನ್‌ಗಳ 68 ಅಧ್ಯಯನಗಳನ್ನು ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ತಜ್ಞರು ಇದರ ಲಾಭ ಖಚಿತವಿಲ್ಲ ಎಂದರು. ಆದ್ದರಿಂದ ಬೇಕೋ ಬೇಡವೋ ಎಂಬುದನ್ನು ಅರಿವಳಿಕೆ ವೈದ್ಯರು ನಿಮ್ಮನ್ನು ಪರೀಕ್ಷಿಸಿ, ನಿಮ್ಮ ಒಪ್ಪಿಗೆ ಪಡೆದು ನಿರ್ಧರಿಸುತ್ತಾರೆ.

ಮೊದಲೇ ಹೇಳಬೇಕಾದವು

1. ಹೃದಯದ ಬಡಿತದ ತೊಂದರೆ, ಫಿಟ್ಸ್, ಕಾಮಣಿ ಅಥವಾ ಲಿವರ್ ರೋಗ.
2. ಹಿಂದೆ ಜೋಮಿನ ಇಂಜೆಕ್ಷನ್‌ನಿಂದ ಆದ ಅಲರ್ಜಿ.
3. ಗರ್ಭಿಣಿಯಾಗಿದ್ದರೆ ಆ ವಿಷಯ.
4. ಸೇವಿಸುತ್ತಿರುವ ಎಲ್ಲ ಮಾತ್ರೆಗಳು.
5. ಸರಿಯಾದ ತೂಕ. ಬಾಯಿಹುಣ್ಣಿನಿಂದ ಊಟ ಬಿಟ್ಟು ಸೊರಗಿದವರು ಹಳೆಯ ತೂಕ ಹೇಳಬಾರದು. 40 ಕೆ.ಜಿ.ಗಿಂತ ಕಡಿಮೆ ಇರುವವರಿಗೆ ಈ ಔಷಧ ಸಲ್ಲದು.

ಎಷ್ಟು, ಹೇಗೆ?

ಔಷಧವನ್ನು ಪಂಪ್ ಯಂತ್ರದಿಂದ ನಿಧಾನವಾಗಿ ಕೊಡುತ್ತಾರೆ. ಗಂಟೆಗೆ ಪ್ರತಿ ಕೆ.ಜಿ. ತೂಕಕ್ಕೆ 1.5 ಮಿ.ಗ್ರಾಂ. ಮೀರಬಾರದು, 50 ಕೆ.ಜಿ. ಇರುವವರಿಗೆ ಗಂಟೆಗೆ 75 ಮಿ.ಗ್ರಾಂ. ಸಾಮಾನ್ಯವಾಗಿ 24 ಗಂಟೆಯೊಳಗೆ ನಿಲ್ಲಿಸುತ್ತಾರೆ. ಅಷ್ಟೂ ಹೊತ್ತು ಹೃದಯದ ಬಡಿತ, ಬಿ.ಪಿ., ಉಸಿರಾಟ ನೋಡುತ್ತಿರುತ್ತಾರೆ.

ಅಪಾಯದ ಸೂಚನೆಗಳು

ರಕ್ತದಲ್ಲಿ ಔಷಧ ಹೆಚ್ಚಾದರೆ ತುಟಿ, ನಾಲಿಗೆ ಜುಮ್ಮೆನ್ನುವುದು, ಬಾಯಿಯಲ್ಲಿ ಕಬ್ಬಿಣದ ರುಚಿ, ಕಿವಿ ಗುಂಯ್‌ಗುಡುವುದು, ತಲೆ ಸುತ್ತುವುದು, ಮಾತು ತೊದಲುವುದು ಕಾಣಿಸುತ್ತದೆ. ಕಡೆಗಣಿಸಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು.

ಬಾಯಿಯ ಆಪರೇಷನ್ ಆದವರ ಕಷ್ಟವೆಂದರೆ, ನಾಲಿಗೆ ಮೊದಲೇ ಮರಗಟ್ಟಿರುತ್ತದೆ, ಮಾತು ತೊದಲುತ್ತಿರುತ್ತದೆ. ಕುತ್ತಿಗೆಗೆ ಉಸಿರಾಟದ ನಳಿಗೆ ಹಾಕಿದ್ದರೆ ಮಾತೇ ಬರುವುದಿಲ್ಲ. ಆದ್ದರಿಂದ ಆಪರೇಷನ್‌ನ ಹಿಂದಿನ ದಿನವೇ ಕೈಸನ್ನೆ ಕಲಿತಿರಿ:

• ತುಟಿ ಮುಟ್ಟಿದರೆ: ಜುಮ್ಮೆನ್ನುತ್ತಿದೆ.
• ಕಿವಿ ಮುಟ್ಟಿದರೆ: ಗುಂಯ್‌ಗುಡುತ್ತಿದೆ.
• ತಲೆಯ ಮೇಲೆ ಕೈ ಇಟ್ಟರೆ: ತಲೆ ಸುತ್ತುತ್ತಿದೆ.
• ಮುಷ್ಟಿ ಬಿಗಿದರೆ: ನೋವು ಹೆಚ್ಚಾಗಿದೆ.

ಓದುಬರಹ ಬಲ್ಲವರು ಪಾಟಿ, ಬಳಪ ಇಟ್ಟುಕೊಳ್ಳಬಹುದು. ಈ ಸನ್ನೆಗಳನ್ನು ಸಿಸ್ಟರ್‌ಗೂ ತೋರಿಸಿರಿ.

ಜೊತೆಗಿರುವವರು ಗಮನಿಸಿ

"ಪಾಪ, ನಿದ್ದೆ ಹತ್ತಿದೆ, ಮಲಗಲಿ" ಎಂದು ಸುಮ್ಮನಿರಬೇಡಿ. ಕರೆದರೆ ಕಣ್ಣು ತೆರೆಯದಿದ್ದರೆ, ಮುಖ ಅಥವಾ ಕೈಕಾಲು ಅದುರಿದರೆ, ಗಾಬರಿಯಿಂದ ಹೊರಳಾಡಿದರೆ ಆ ಕ್ಷಣವೇ ಸಿಸ್ಟರ್‌ನ್ನು ಕೂಗಿರಿ. ಔಷಧ ನಿಲ್ಲಿಸಿ ತಕ್ಷಣ ಚಿಕಿತ್ಸೆ ಕೊಡುತ್ತಾರೆ, ಇದಕ್ಕೆಂದೇ ಶೇ. 20ರ ಕೊಬ್ಬಿನ ದ್ರಾವಣದ ಇಂಜೆಕ್ಷನ್ ಇದೆ. ಪಂಪ್‌ನ ಗುಂಡಿ ಒತ್ತಬೇಡಿ, ಸಲಾಯಿನ್ ವೇಗ ನೀವಾಗಿ ಬದಲಿಸಬೇಡಿ.

ನೋವನ್ನು ನುಂಗಿಕೊಂಡು ಮಲಗಬೇಕಿಲ್ಲ. ಎಷ್ಟು ಸಲ ಕರೆದರೂ ಸಿಸ್ಟರ್ ಬರುತ್ತಾರೆ. ಸಂಕೋಚಪಡದೆ ಕರೆಯಿರಿ.